ಒಡೆಯದೆ ಉಳಿಯುವ ಪ್ರೋಟಾನುಗಳು

ಬೆಳಕಿನ ವೇಗಕ್ಕೆ ತೀರ ಸಮೀಪದಲ್ಲಿ ಓಡುವ ಎರಡು ಪ್ರೋಟಾನುಗಳು ಡಿಕ್ಕಿಯಾದಾಗ ಸಾಮಾನ್ಯವಾಗಿ ಎರಡೂ ಒಡೆದು ಕಣಗಳ ರಾಶಿಯೇ ಚೆಲ್ಲುತ್ತದೆ. ಅಪರೂಪಕ್ಕೆ ಮಾತ್ರ ಎರಡೂ ಇಡಿಯಾಗಿ ಉಳಿದು, ತುಸು ಶಕ್ತಿಯನ್ನಷ್ಟೇ ಬಿಟ್ಟುಕೊಟ್ಟು ಮುಂದೆ ಸಾಗುತ್ತವೆ. ಆ ಶಕ್ತಿಯಿಂದ ನಡುವೆ ಒಂದು ಕಣವೋ ಒಂದು ಜೋಡಿಯೋ ಹುಟ್ಟುತ್ತದೆ, ಬೇರೇನೂ ಇಲ್ಲ. ಇದೇ ಎಕ್ಸ್‌ಕ್ಲೂಸಿವ್ ಉತ್ಪಾದನೆ. ಪ್ರೋಟಾನುಗಳು ಕಳೆದುಕೊಂಡ ಶಕ್ತಿಯನ್ನು ಅಳೆದರೆ ಹುಟ್ಟಿದ್ದರ ದ್ರವ್ಯರಾಶಿ ತಿಳಿಯುತ್ತದೆ. ಅದು ಹೇಗೆ ಕ್ಷಯಿಸಿತೆಂದು ನೋಡಲೇಬೇಕೆಂದಿಲ್ಲ. ಈ ಕ್ಷೇತ್ರದ ಕತೆಯನ್ನು ಹಿಗ್ಸ್ ಕಣದ ಬೇಟೆಯೆಂದು ಹೇಳುವುದು ರೂಢಿ. ನನಗೆ ಅದರ ಜೀವಾಳ ಬೇರೆಡೆ ಕಾಣುತ್ತದೆ: ‘ಇನ್ನೇನೂ ಆಗದಿರುವ’ ಸಂಭವನೀಯತೆಯನ್ನು ಲೆಕ್ಕ ಹಾಕುವುದು ಹೇಗೆ ಎಂಬ ಪ್ರಶ್ನೆಯಲ್ಲಿ.

ಜಿನೀವಾದ ಸರ್ನ್‌ನಲ್ಲಿ 1971ರಲ್ಲಿ ಆರಂಭವಾದ ಐಎಸ್‌ಆರ್ ಯಂತ್ರದಲ್ಲೇ ಇಂಥ ಘಟನೆಗಳ ಅಧ್ಯಯನ ಶುರುವಾಗಿತ್ತು. ಹಿಗ್ಸ್ ಕಣವೂ ಹೀಗೆ ಹುಟ್ಟಬಹುದೆಂದು 1991ರಲ್ಲಿ ಭೌತವಿಜ್ಞಾನಿಗಳಾದ ಬಿಯಾಲಾಸ್ ಮತ್ತು ಲ್ಯಾಂಡ್ಸಾಫ್ ಲೆಕ್ಕ ಹಾಕಿದರು. ಪ್ರೋಟಾನಿನೊಳಗಿನ ಉಳಿದ ಕ್ವಾರ್ಕು, ಗ್ಲುಆನುಗಳು ಸುಮ್ಮನಿದ್ದರಷ್ಟೇ ಪ್ರೋಟಾನುಗಳಿಗೂ ನಡುವೆ ಹುಟ್ಟಿದ್ದಕ್ಕೂ ಮಧ್ಯೆ ಕಣಗಳಿಲ್ಲದ ಖಾಲಿ ಅಂತರ ಉಳಿಯುತ್ತದೆಂಬ ತೊಡಕನ್ನು ಅದೇ ದಶಕದ ಆದಿಯಲ್ಲಿ ಬ್ಯೋರ್ಕೆನ್ ಒತ್ತಿ ಹೇಳಿದರು. ಮುಂದೆ ಖೋಜೆ, ಮಾರ್ಟಿನ್, ರಿಸ್ಕಿನ್ ಇಡೀ ಲೆಕ್ಕವನ್ನು ಕಟ್ಟಿದರು: ಎರಡು ಗ್ಲುಆನು ಬೆಸೆದು ಹಿಗ್ಸ್ ಹುಟ್ಟಿಸಿದರೆ, ಮೂರನೆಯದು ನಡುವೆ ಹಾದು ಬಣ್ಣದ ಆವೇಶವನ್ನು ಸರಿದೂಗಿಸುತ್ತದೆ. ಸರ್ನ್‌ನ ಎಲ್‌ಎಚ್‌ಸಿ ಯಂತ್ರದಲ್ಲಿ ಅವರ ನಿರೀಕ್ಷೆ ಸುಮಾರು 3 ಫೆಮ್ಟೊಬಾರ್ನ್ (ಘಟನೆ ನಡೆಯುವ ಸಾಧ್ಯತೆಯ ಅಳತೆ). ಎಲ್ಲ ಬಗೆಯ ಹಿಗ್ಸ್ ಉತ್ಪಾದನೆ ಸೇರಿದರೆ ಸುಮಾರು 50,000.

ಇಲ್ಲಿ ಬೆಂಗಳೂರಿನ ಪಾಲೂ ಇದೆ, ಅದನ್ನು ನಾವು ನೆನೆಯುವುದು ಕಡಿಮೆ. ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಗೋಡ್ಬೋಲೆ, ಇಟಲಿಯ ಜೂಲಿಯಾ ಪಂಕೇರಿ ಮತ್ತು ಸಂಗಡಿಗರು ಪ್ರೋಟಾನುಗಳ ಒಟ್ಟು ಡಿಕ್ಕಿಯ ಪ್ರಮಾಣ ಶಕ್ತಿಯೊಂದಿಗೆ ಏಕೆ ಏರುತ್ತದೆಂದು ವರ್ಷಗಟ್ಟಲೆ ಹುಡುಕಿದರು. ಚಿಕ್ಕ ಜೆಟ್‌ಗಳು (ಒಂದೇ ದಿಕ್ಕಿಗೆ ಚಿಮ್ಮುವ ಕಣಗಳ ಧಾರೆಗಳು) ಆ ಪ್ರಮಾಣವನ್ನು ಏರಿಸಿದರೆ ಮೃದು ಗ್ಲುಆನುಗಳು ಏರಿಕೆಗೆ ಕಡಿವಾಣ ಹಾಕುತ್ತವೆಂಬುದು ಅವರ ಮಾದರಿ. ಅದೇ ಮಾದರಿಯಿಂದ 2008ರಲ್ಲಿ ಅಂತರ ಉಳಿಯುವ ಸಂಭವನೀಯತೆಯನ್ನೂ ಅಂದಾಜಿಸಿದರು. ಒಡೆಯುವುದನ್ನು ಅರಿಯದೆ ಒಡೆಯದಿರುವುದನ್ನು ಎಣಿಸಲಾಗದು. ಅನಾಕರ್ಷಕವೆನಿಸುವ ಈ ಒಟ್ಟು ಲೆಕ್ಕವೇ ಅಪರೂಪದ ಘಟನೆಗೆ ತಳಪಾಯ.

ಹಾಗಾದರೆ ಇದು ಮಾದರಿಗಳನ್ನು ಬೇಕಾದಂತೆ ಹೊಂದಿಸಿಕೊಳ್ಳುವ ಆಟವಲ್ಲವೇ? ಆಕ್ಷೇಪಕ್ಕೆ ಆಧಾರವಿತ್ತು, ಒಂದು ಕಾಲಕ್ಕೆ ಹಿಗ್ಸ್ ಕುರಿತ ಅಂದಾಜುಗಳು ನೂರು ಪಟ್ಟಿಗೂ ಮೀರಿ ಭಿನ್ನವಾಗಿದ್ದವು. ತೀರ್ಪು ಕೊಟ್ಟಿದ್ದು ಪ್ರಯೋಗ. ಅಮೆರಿಕದ ಟೆವಟ್ರಾನ್ ಯಂತ್ರದ ಸಿಡಿಎಫ್ ತಂಡ 2008ರಲ್ಲಿ ಪ್ರಕಟಿಸಿದ ಜೋಡಿ ಜೆಟ್‌ಗಳ ಅಳತೆಯ ಮುಂದೆ ಹಲವು ಮಾದರಿಗಳು ನಿಲ್ಲಲಿಲ್ಲ, ಖೋಜೆ ಬಳಗದ ಲೆಕ್ಕ ನಿಂತಿತು. 2012ರಲ್ಲಿ ಅದೇ ತಂಡಕ್ಕೆ ದೊರೆತ 43 ಜೋಡಿ ಫೋಟಾನು ಘಟನೆಗಳೂ ಅದನ್ನೇ ಬೆಂಬಲಿಸಿದವು. ಜೊತೆಗೆ ಫೋಟಾನುಗಳಿಂದ ಹುಟ್ಟುವ ಮ್ಯುವಾನ್ ಜೋಡಿಯ ಲೆಕ್ಕ ನಿಖರವಾಗಿ ಸಿಗುವುದರಿಂದ ಉಪಕರಣವನ್ನು ಒರೆಗೆ ಹಚ್ಚಲು ಅದು ಸಾಕು.

ಕಷ್ಟ ಇನ್ನೊಂದಿದೆ. ಎಲ್‌ಎಚ್‌ಸಿಯಲ್ಲಿ ಕಣಗುಚ್ಛಗಳು ಒಮ್ಮೆ ಎದುರಾದಾಗ ಹತ್ತಾರು ಡಿಕ್ಕಿಗಳಾಗುತ್ತವೆ. ಯಾವ ಪ್ರೋಟಾನು ಯಾವ ಡಿಕ್ಕಿಯದೆಂದು ಬೇರ್ಪಡಿಸಬೇಕು. ಪ್ರೋಟಾನು ತಲುಪುವ ಕಾಲವನ್ನು 10 ಪಿಕೊಸೆಕೆಂಡ್ ನಿಖರತೆಯಲ್ಲಿ ಅಳೆದರೆ ಡಿಕ್ಕಿಯ ಜಾಗ ಸುಮಾರು 2 ಮಿಲಿಮೀಟರಿನೊಳಗೆ ಗೊತ್ತಾಗುತ್ತದೆ. ಸಿಎಂಎಸ್, ಅಟ್ಲಾಸ್ ಪ್ರಯೋಗಗಳು ಡಿಕ್ಕಿಯ ಜಾಗದಿಂದ ಸುಮಾರು 200 ಮೀಟರ್ ದೂರದಲ್ಲಿಟ್ಟ ಪ್ರೋಟಾನು ಪತ್ತೆಕಾರಕಗಳು ಈ ದಾರಿ ಹಿಡಿದಿವೆ. ಆದರೆ ಎರಡೂ ಪ್ರೋಟಾನು ಅಲ್ಲಿ ಸಿಗಬೇಕಾದರೆ ನಡುವೆ ಹುಟ್ಟಿದ್ದು ಕೆಲವು ನೂರು ಜಿಇವಿ ತೂಗಬೇಕು. 125 ಜಿಇವಿ ಹಿಗ್ಸ್‌ಗೆ 420 ಮೀಟರ್ ದೂರದಲ್ಲಿ, ಅತಿಶೀತ ಕಾಂತಗಳ ಸಾಲಿನ ನಡುವೆ ಪತ್ತೆಕಾರಕ ಬೇಕು. ಆ ಯೋಜನೆ ಸಿದ್ಧವಾಗಿ ಹದಿನೈದು ವರ್ಷ ದಾಟಿದರೂ ಕಾರ್ಯಗತವಾಗಿಲ್ಲ.