ಐವತ್ತು ಭೇಟಿಗಳ ಗುಟ್ಟು

1991ರ ಜೂನ್ 27. ಅಮೆರಿಕದ ಇಲಿನಾಯ್ ರಾಜ್ಯದ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ವಸತಿ ಸಂಕೀರ್ಣವೊಂದರಲ್ಲಿ ಹೊಡೆದಾಟ ನಡೆದಿದೆ ಎಂದು ಪೊಲೀಸರಿಗೆ ಕರೆ ಬಂತು. ಮೊದಲು ಸ್ಥಳಕ್ಕೆ ಬಂದವರು ಗಸ್ತಿನಲ್ಲಿದ್ದ ಅಧಿಕಾರಿ ಮೇರಿ ಲೂ ರೆಡ್ಮಂಡ್. ಸ್ವಲ್ಪ ಹೊತ್ತಿನಲ್ಲೇ ಅವರ ಗುಂಡಿಗೆ ಒಬ್ಬ ಬಲಿಯಾದ. ಅವನ ಕೈಯಲ್ಲಿ ಮಾಂಸ ಕಡಿಯುವ ಚೂರಿ ಇತ್ತು, ಇನ್ನೊಬ್ಬನನ್ನು ಇರಿಯುವುದರಲ್ಲಿದ್ದ ಎಂದರು ರೆಡ್ಮಂಡ್. ಅವನ ಕೈಯಲ್ಲಿ ಏನೂ ಇರಲಿಲ್ಲ ಎಂದರು ಅವನ ಮನೆಯವರು.

ಆಮೇಲೆ ರೆಡ್ಮಂಡ್ ಆಪ್ತಸಮಾಲೋಚಕಿಯೊಬ್ಬರ ಬಳಿ ಹೋಗತೊಡಗಿದರು. ಸುಮಾರು 50 ಸಲ. ಮೃತನ ಪರವಾಗಿ ಪರಿಹಾರದ ದಾವೆ ಹೂಡಿದವರಿಗೆ ಇದು ಗೊತ್ತಾದದ್ದೇ ತಡ, ಆ ಭೇಟಿಗಳ ಟಿಪ್ಪಣಿ ಬೇಕೆಂದು ಪಟ್ಟು ಹಿಡಿದರು. ನ್ಯಾಯಾಧೀಶರೂ ಕೊಡಿ ಎಂದರು. ರೆಡ್ಮಂಡ್ ಆಗಲಿ ಸಮಾಲೋಚಕಿಯಾಗಲಿ ಕೊಡಲಿಲ್ಲ. ವಿಚಾರಣೆಯಲ್ಲಿ ಕೆಲವು ಪ್ರಶ್ನೆಗಳಿಗೆ ಇಬ್ಬರೂ ಬಾಯಿ ಬಿಡಲಿಲ್ಲ, ಕೆಲವಕ್ಕೆ ನೆನಪಿಲ್ಲ ಎಂದುಬಿಟ್ಟರು. ಟಿಪ್ಪಣಿಯಲ್ಲಿರುವುದು ರೆಡ್ಮಂಡ್ ವಿರುದ್ಧವೇ ಎಂದು ನೀವು ಭಾವಿಸಬಹುದು ಎಂದು ನ್ಯಾಯಾಧೀಶರು ಜ್ಯೂರಿಗೆ ಹೇಳಿದರು. ಜ್ಯೂರಿ ವಿಧಿಸಿದ ಪರಿಹಾರ ಒಟ್ಟು 5,45,000 ಡಾಲರ್.

ಪೊಲೀಸರು, ಅಗ್ನಿಶಾಮಕರು, ಆಂಬ್ಯುಲೆನ್ಸ್ ಸಿಬ್ಬಂದಿ ಮನಸ್ಸಿನ ಭಾರವನ್ನು ಹೇಳಿಕೊಳ್ಳುವ ಪದ್ಧತಿ ಆಗಿನ್ನೂ ಹೊಸದು. ಹಿಂದೆ ಅಗ್ನಿಶಾಮಕನಾಗಿದ್ದ ಮನಶ್ಶಾಸ್ತ್ರಜ್ಞ ಜೆಫ್ರಿ ಮಿಚೆಲ್ 1983ರಲ್ಲಿ ಅದಕ್ಕೊಂದು ಕ್ರಮ ಬರೆದುಕೊಟ್ಟಿದ್ದರು. ದುರ್ಘಟನೆಯಾದ ಮೂರು ದಿನದೊಳಗೆ ತಂಡ ಒಂದೆಡೆ ಕೂರಬೇಕು. ಏನಾಯಿತು, ಆಗ ಏನನ್ನಿಸಿತು, ಯಾವುದು ಎಲ್ಲಕ್ಕಿಂತ ಕೆಟ್ಟದಾಗಿತ್ತು ಎಂದು ಒಬ್ಬೊಬ್ಬರೇ ಹೇಳಬೇಕು. ಶುರುವಿನಲ್ಲೇ ಒಂದು ಕರಾರು: ಇಲ್ಲಿ ಆಡಿದ್ದು ಹೊರಗೆ ಹೋಗಕೂಡದು. ಇಂಥ ಒಂದೇ ಬೈಠಕ್‌ನಿಂದ ಆಘಾತದ ಕಾಯಿಲೆ ತಪ್ಪುತ್ತದೆ ಎಂಬುದಕ್ಕೆ ಮುಂದೆ ಸಂಶೋಧಕರು ಪುರಾವೆ ಕಾಣಲಿಲ್ಲ. ಅದು ಬೇರೆ ಜಗಳ. ಕರಾರಿನ ದೌರ್ಬಲ್ಯ ಮಾತ್ರ ಮೊದಲ ದಿನದಿಂದಲೂ ಇತ್ತು. ಕೂತವರು ಪರಸ್ಪರ ಕೊಟ್ಟುಕೊಂಡ ಮಾತು ಅದು. ಕೋರ್ಟು ಕೇಳಿದರೆ ತಡೆಯುವ ಶಕ್ತಿ ಅದಕ್ಕೆಲ್ಲಿಂದ ಬರಬೇಕು?

ರೆಡ್ಮಂಡ್ ಪ್ರಕರಣ ಮೇಲ್ಮನವಿ ಹತ್ತಿ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಜೂನ್ 13ರಂದು 7–2 ಬಹುಮತದ ತೀರ್ಪು ಬಂತು. ಪರವಾನಗಿ ಪಡೆದ ಚಿಕಿತ್ಸಕರೊಂದಿಗೆ ಚಿಕಿತ್ಸೆಗಾಗಿ ಆಡಿದ ಮಾತನ್ನು ಫೆಡರಲ್ ನ್ಯಾಯಾಲಯ ಬಲವಂತವಾಗಿ ಹೊರಗೆಳೆಯುವಂತಿಲ್ಲ ಎಂದು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಬರೆದರು. ಸತ್ಯ ಮುಖ್ಯವೋ ಗುಟ್ಟು ಮುಖ್ಯವೋ ಎಂದು ಪ್ರತಿ ಮೊಕದ್ದಮೆಯಲ್ಲೂ ತೂಗಿ ನೋಡುವ ದಾರಿಯನ್ನೂ ಅವರು ಒಪ್ಪಲಿಲ್ಲ. ಇದೇ ಆ ತೀರ್ಪಿನ ತಿರುಳು. ತನ್ನ ಮಾತು ನಾಳೆ ಬಯಲಾಗಲೂಬಹುದು, ಆಗದಿರಲೂಬಹುದು ಎಂಬ ಅನುಮಾನವಿದ್ದರೆ ಬಂದೂಕು ಹಿಡಿಯುವ ಕೆಲಸದವರು ಯಾರು ತಾನೇ ಮನಸ್ಸು ಬಿಚ್ಚುತ್ತಾರೆ? ಒಪ್ಪದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ತಮ್ಮ ಎಂದಿನ ಚುಚ್ಚುಮಾತಿನಲ್ಲಿ, ಮಕ್ಕಳು ಕಷ್ಟ ಹೇಳಿಕೊಳ್ಳುವ ತಾಯಿಗೇ ಇಲ್ಲದ ರಕ್ಷಣೆ ಚಿಕಿತ್ಸಕರಿಗೇಕೆ ಎಂದು ಕೇಳಿದರು. ಪ್ರಶ್ನೆ ಹಗುರವಾದದ್ದಲ್ಲ. ಸತ್ತವನ ಮನೆಯವರಿಗೂ ನಿಜ ತಿಳಿಯುವ ಹಕ್ಕಿತ್ತಲ್ಲ.

ತೀರ್ಪು ಒಂದು ಕಡೆ ಬಾಗಿಲು ಹಾಕಿತು, ಇನ್ನೊಂದು ಕಡೆ ತೆರೆದೇ ಬಿಟ್ಟಿತು. ಠಾಣೆಯಲ್ಲಿ ಜೊತೆಗಿರುವ ಹಿರಿಯ ಸಹೋದ್ಯೋಗಿಯ ಬಳಿ ಹೇಳಿಕೊಂಡರೆ? ಅವನಿಗೆ ತರಬೇತಿ ಇರಬಹುದು, ಪರವಾನಗಿ ಇರುವುದಿಲ್ಲ. ವೈದ್ಯರ ಬಳಿ ಹೋಗಲು ಹಿಂಜರಿಯುವವರು ಮೊದಲು ಹೋಗುವುದು ಅವನ ಬಳಿಗೇ. ಕೆಲವು ರಾಜ್ಯಗಳು ಇದಕ್ಕೆ ತಮ್ಮದೇ ಕಾನೂನು ಮಾಡಿಕೊಂಡವು. ಫೆಡರಲ್ ಪೊಲೀಸ್ ಅಧಿಕಾರಿಗಳಿಗೆ ಆ ರಕ್ಷಣೆ ಸಿಕ್ಕಿದ್ದು 2021ರ ನವೆಂಬರ್ 18ರಂದು, ಅಧ್ಯಕ್ಷ ಜೋ ಬೈಡನ್ ಕಾಪ್ಸ್ ಕೌನ್ಸೆಲಿಂಗ್ ಕಾಯ್ದೆಗೆ ಸಹಿ ಹಾಕಿದಾಗ. ಆತ್ಮಹತ್ಯೆಯ ಬೆದರಿಕೆ, ಇತರರ ಜೀವಕ್ಕೆ ಅಪಾಯ, ಅಪರಾಧದ ಒಪ್ಪಿಗೆ ಇಂಥವಕ್ಕೆ ಆ ಕಾಯ್ದೆಯಲ್ಲೂ ಗೋಪ್ಯತೆ ಇಲ್ಲ. ಊರಿನ ಅಗ್ನಿಶಾಮಕರು ಮತ್ತು ಆಂಬ್ಯುಲೆನ್ಸ್ ಸಿಬ್ಬಂದಿಗೆ ಇಂದಿಗೂ ಅವರವರ ರಾಜ್ಯದ ಕಾನೂನೇ ಗತಿ.