ಗೋಬಿ ಗಾಡಿಯ ಮುಂದೆ ಎಲ್ಲರೂ ಹೊರಗಿನವರೇ

ಉದ್ದ ಬರಹ, ಪುರುಸೊತ್ತು ಮಾಡ್ಕೊಂಡು ಓದಿ.

ಕಳೆದ ತಿಂಗಳು ನಮ್ಮ ಸಭೆಯಲ್ಲಿ ಒಂದು ಮಾತು ಬಂತು. ಕೇರಿಯ ಹುಡುಗ ಹುಡುಗಿಯರು ಸಂಜೆಯಾದರೆ ಕುಮಟಾ ಪೇಟೆಗೆ ಹೋಗ್ತಾರೆ, ನೂಡಲ್ಸ್ ತಿಂತಾರೆ, ಗಡಬಡ್ ಐಸ್‌ಕ್ರೀಮ್ ಮುಂದಿಟ್ಟುಕೊಂಡು ಫೋಟೋ ಹಾಕ್ತಾರೆ. "ಬಾಬಾಸಾಹೇಬರು ಓದಿ ಅಂದ್ರು, ಇವ್ರು ತಿನ್ನೋಕೆ ಹೊರಟ್ರು" ಅಂತ ಹಿರಿಯರೊಬ್ಬರು ಬೇಜಾರು ಮಾಡಿಕೊಂಡರು. ಅವರ ಕಾಳಜಿ ನನಗೆ ಅರ್ಥ ಆಗ್ತದೆ. ಆದರೂ ಪೇಟೆಯಲ್ಲಿ ಕುರ್ಚಿ ಎಳೆದು ಕೂತು ತಿನ್ನೋದನ್ನ ಅಷ್ಟು ಹಗುರವಾಗಿ ನೋಡಬೇಡಿ. ಆ ಕುರ್ಚಿಯ ಹಿಂದೆ ನೂರು ವರ್ಷದ ಜಗಳ ಇದೆ. ಆ ಜಗಳ ಇನ್ನೂ ಮುಗಿದಿಲ್ಲ ಅನ್ನೋದೇ ನಾನು ಹೇಳಬೇಕಾದ್ದು.

ಉಪ್ಪಿನಿಂದ ಶುರು ಮಾಡ್ತೇನೆ. ಗೋಕರ್ಣದ ಹತ್ತಿರ, ಅಘನಾಶಿನಿ ಸಮುದ್ರ ಸೇರುವ ಕಡೆ, ನಮ್ಮ ಕುಮಟಾ ತಾಲ್ಲೂಕಿನ ಸಾಣಿಕಟ್ಟೆ. ಅಲ್ಲಿಯ ಉಪ್ಪು ಇಡೀ ಜಿಲ್ಲೆಗೆ ಗೊತ್ತು. ಆಗರ ಅಂದ್ರೆ ಉಪ್ಪಿನ ಗದ್ದೆ. ಆಗರದಲ್ಲಿ ದುಡಿದವರು ಆಗೇರರು. 1883ರಲ್ಲಿ ಬ್ರಿಟಿಷರು ಅಚ್ಚು ಹಾಕಿಸಿದ ಮುಂಬೈ ಗೆಜೆಟಿಯರಿನ ಕೆನರಾ ಸಂಪುಟದಲ್ಲೂ ಆಗೇರರ ಕಸುಬು ಉಪ್ಪು ತೆಗೆಯೋದು ಅಂತಲೇ ಇದೆ. ಇವತ್ತು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಆಗೇರರೂ ಇದ್ದಾರೆ, ಮುಕ್ರಿಗಳೂ ಇದ್ದಾರೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಉಪ್ಪಿಗಾಗಿ ಜಿಲ್ಲೆ ಎದ್ದು ನಿಂತ ದಿನ ಅದು. ಆದರೆ ಉಪ್ಪು ತೆಗೆಯುವವನ ಪಕ್ಕ ಕೂತು ಚಾ ಕುಡಿಯುವ ಪ್ರಶ್ನೆ ಅಷ್ಟು ಬೇಗ ಬಗೆಹರಿಯಲಿಲ್ಲ.

ನಮ್ಮಜ್ಜ ಆಗರದಲ್ಲಿ ಕೂಲಿ ಮಾಡಿದವರು. ಪೇಟೆಗೆ ಬಂದರೆ ಚಾ ಅಂಗಡಿಯ ಮಾಡಿನ ಕೆಳಗೆ ನಿಲ್ಲಬೇಕಿತ್ತಂತೆ. ಮೊದಲು ಗೆರಟೆಗೆ ಮೇಲಿಂದ ಚಾ ಹೊಯ್ಯುತ್ತಿದ್ದರು. ಆಮೇಲೆ ಬೇರೆ ಲೋಟ ಬಂತು. ಕುಡಿದು, ತಾವೇ ತೊಳೆದು, ಹೊರಗಿನ ಗೋಡೆಯ ಮೇಲೆ ಬೋರಲು ಹಾಕಿ ಬರಬೇಕು. ಅಜ್ಜ ನಗುತ್ತಲೇ ಹೇಳೋರು: "ಒಳಗೆ ಅವರು ಉಣ್ಣೋ ಸಾಂಬಾರಿಗೆ ಬಿದ್ದದ್ದು ನಾವು ಕೆರೆದ ಉಪ್ಪೇ ಮಾರಾಯ. ಉಪ್ಪಿಗೆ ಮೈಲಿಗೆ ಇಲ್ಲ, ಕೆರೆದ ಕೈಗೆ ಮಾತ್ರ."

ಈ ಹುಚ್ಚಾಟ ಬರೀ ನಮ್ಮ ಮೇಲೆ ಅಲ್ಲ, ಅವರವರ ಮೇಲೂ ನಡೆದಿತ್ತು. 1862ರಿಂದ ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿತ್ತು. ಅದೇ ಪ್ರಾಂತ್ಯದ ಪುಣೆಯಲ್ಲಿ 1890ರಲ್ಲಿ ತಿಲಕರು, ರಾನಡೆಯವರು ಮುಂತಾದ ದೊಡ್ಡ ದೊಡ್ಡವರು ಪಂಚ್ ಹೌದ್ ಮಿಶನ್ನಿಗೆ ಹೋಗಿದ್ದಾಗ ಅಲ್ಲಿ ಚಾ ಕೊಟ್ಟರು. ಕ್ರೈಸ್ತರ ಕೈಯ ಚಾ ಅಂತ ಊರೆಲ್ಲ ಗದ್ದಲ. ವಿಷಯ ಶಂಕರಾಚಾರ್ಯರ ಪೀಠದವರೆಗೆ ಹೋಗಿ ಪ್ರಾಯಶ್ಚಿತ್ತದ ಮಾತಾಯಿತು. ಒಂದು ಕಪ್ ಚಾ ಕುಡಿದದ್ದಕ್ಕೆ! ಬೇಯಿಸಿದ್ದು ಯಾರು, ಕೊಟ್ಟದ್ದು ಯಾರು, ಪಕ್ಕದಲ್ಲಿ ಕೂತವರು ಯಾರು, ಈ ಮೂರು ಪ್ರಶ್ನೆಯ ಮೇಲೇ ಜಾತಿ ನಿಂತಿದೆ. ಹೋಟೆಲ್ ಬಂದದ್ದೇ ಮೂರೂ ಪ್ರಶ್ನೆ ಒಟ್ಟಿಗೆ ಎದ್ದವು. ಅದಕ್ಕೇ ಎಷ್ಟೋ ಊರಲ್ಲಿ "ಬ್ರಾಹ್ಮಣರ ಹೋಟೆಲ್" ಅಂತ ಬೋರ್ಡ್ ಬಿತ್ತು. ಆ ಶಬ್ದ ತೆಗೆಸೋಕೆ ಮದ್ರಾಸಿನಲ್ಲಿ ಪೆರಿಯಾರರು 1957ರಲ್ಲಿ, ಸ್ವಾತಂತ್ರ್ಯ ಬಂದು ಹತ್ತು ವರ್ಷ ಆದಮೇಲೂ, ಮುರಳಿ ಕೆಫೆ ಎದುರು ಹೋರಾಟ ಮಾಡಬೇಕಾಯಿತು. ಉತ್ತರ ಕರ್ನಾಟಕದ ಕಡೆ ಹೋದರೆ ಜಾತಿ ಹೆಸರಿನ ಖಾನಾವಳಿ ಬೋರ್ಡು ಇವತ್ತಿಗೂ ಕಾಣ್ತದೆ.

ಇನ್ನು ಕಾನೂನಿನ ಕಥೆ. 1923ರಲ್ಲಿ ಮುಂಬೈ ಶಾಸನ ಪರಿಷತ್ತು ಎಸ್.ಕೆ. ಬೋಲೆಯವರ ಗೊತ್ತುವಳಿ ಒಪ್ಪಿತು. ಸರ್ಕಾರದ ದುಡ್ಡಿನ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ಕೋರ್ಟು, ದವಾಖಾನೆ ಎಲ್ಲರಿಗೂ ತೆರೆದಿರಬೇಕು ಅಂತ. ಕಾಗದದ ಮೇಲೆ ಅದು ಕುಮಟೆಗೂ ಅನ್ವಯ. ಆ ಕಾಗದಕ್ಕೆ ಜೀವ ಕೊಡೋಕೆ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಮುಟ್ಟಬೇಕಾಯಿತು. ಗಮನಿಸಿ, ಆ ಪಟ್ಟಿಯಲ್ಲಿ ಹೋಟೆಲ್ ಇಲ್ಲ. ಹೋಟೆಲ್ ಖಾಸಗಿ ಆಸ್ತಿ, ಅಲ್ಲಿ ಮಾಲೀಕ ಹೇಳಿದ್ದೇ ಕಾನೂನು.

1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಅಸ್ಪೃಶ್ಯತೆ ರದ್ದು ಮಾಡುವ ವಿಧಿಗೆ ಒಪ್ಪಿಗೆ ಸಿಕ್ಕಿತು. ಅದೇ ದಿನ ಅಂಗಡಿ, ಹೋಟೆಲುಗಳ ಪ್ರವೇಶದ ವಿಧಿಯೂ ಚರ್ಚೆಗೆ ಬಂತು. ಅಂಗಡಿ ಅಂದ್ರೆ ಏನು, ಕ್ಷೌರದಂಗಡಿಯೂ ಸೇರ್ತದಾ ಅಂತ ಪ್ರಶ್ನೆ ಬಂದಾಗ ಬಾಬಾಸಾಹೇಬರು ಆ ಶಬ್ದವನ್ನು ಎಷ್ಟು ಅಗಲ ಮಾಡಬಹುದೋ ಅಷ್ಟು ಅಗಲ ಮಾಡಿ ಹೇಳಿದರು. ಕೇಳಿ ಬಂದವರಿಗೆ ತನ್ನ ಸೇವೆ ಕೊಡಲು ತಯಾರಿರುವ ಜಾಗವೆಲ್ಲ ಅಂಗಡಿಯೇ ಅನ್ನೋದು ಅವರ ಮಾತಿನ ಸಾರ. ಬರೀ ಬಾಗಿಲು ದಾಟಿದರೆ ಸಾಲದು, ಸೇವೆಯೂ ಸಿಗಬೇಕು ಅಂತ. ಅದೇ ಇವತ್ತಿನ 15(2)ನೇ ವಿಧಿ. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೋಟೆಲಿನ ಪಾತ್ರೆ ಬಳಸೋದಕ್ಕೆ ಅಡ್ಡಿ ಮಾಡೋದೂ ಅಪರಾಧ ಅಂದಿತು. 1976ರಲ್ಲಿ ಅದೇ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಆಯಿತು. ಒಂದು ಲೋಟಕ್ಕಾಗಿ ಪಾರ್ಲಿಮೆಂಟು ಕಾಯ್ದೆಯಲ್ಲಿ ಸಾಲು ಬರೆದ ದೇಶ ನಮ್ಮದು.

ಸಾಲು ಬರೆದರೆ ಲೋಟ ಒಂದಾಗಲಿಲ್ಲ. ಎಪ್ಪತ್ತು, ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯವರು ಹಳ್ಳಿ ಹೋಟೆಲುಗಳಿಗೆ ಗುಂಪಾಗಿ ಹೋಗಿ, ಬೆಂಚಿನ ಮೇಲೆ ಕೂತು, "ನಮಗೂ ಅದೇ ಲೋಟದಲ್ಲಿ ಕೊಡಿ" ಅಂತ ಕೇಳಿದ್ದು, ಪೆಟ್ಟು ತಿಂದದ್ದು ಈ ಬರಹ ಓದುತ್ತಿರುವ ಹಲವರಿಗೆ ನೆನಪಿದೆ. ಕರ್ನಾಟಕವೂ ಸೇರಿ 11 ರಾಜ್ಯಗಳ 565 ಹಳ್ಳಿಗಳಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಸುಮಾರು ಮೂರರಲ್ಲೊಂದು ಹಳ್ಳಿಯಲ್ಲಿ ಬೇರೆ ಲೋಟ, ಬೇರೆ ಜಾಗ ಸಿಕ್ಕಿತ್ತು.

ಈಗ ನೂಡಲ್ಸಿಗೆ ಬರ್ತೇನೆ. ಇದು ನನಗೆ ಬಹಳ ಇಷ್ಟದ ಕಥೆ.

ಬೋರ್ಡಿನಲ್ಲಿ "ಹಕ್ಕಾ ನೂಡಲ್ಸ್" ಅಂತ ಬರೆದಿರ್ತಾರಲ್ಲ, ಹಕ್ಕಾ ಅನ್ನೋದು ಒಂದು ಚೀನೀ ಸಮುದಾಯದ ಹೆಸರು. ಅವರು ಕೋಲ್ಕತ್ತಾಕ್ಕೆ ಬಂದು ಟಾಂಗ್ರಾ ಅನ್ನೋ ಕಡೆ ನೆಲೆಸಿದರು. ಮಾಡಿದ ಕೆಲಸ ಏನು ಗೊತ್ತಾ? ಚರ್ಮ ಹದ ಮಾಡೋದು. ಇಲ್ಲಿಯ ಮೇಲ್ಜಾತಿಯವರು ಮೂಗು ಮುಚ್ಚಿಕೊಂಡು ದೂರ ನಿಂತ ಕೆಲಸ. 1962ರ ಯುದ್ಧದ ಹೊತ್ತಿಗೆ ಭಾರತದ ಚೀನೀಯರಲ್ಲಿ ಸುಮಾರು 3,000 ಜನರನ್ನು ರಾಜಸ್ಥಾನದ ದೇವ್ಲಿ ಶಿಬಿರಕ್ಕೆ ತುಂಬಿದರು. 1996ರಲ್ಲಿ ಸುಪ್ರೀಂ ಕೋರ್ಟು ಮಾಲಿನ್ಯದ ಕಾರಣಕ್ಕೆ ಚರ್ಮದ ಕಾರ್ಖಾನೆಗಳನ್ನು ಊರಾಚೆ ಸಾಗಿಸಿ ಅಂತ ಆದೇಶ ಮಾಡಿತು. ಟಾಂಗ್ರಾದ ಹೆಸರು ಉಳಿದದ್ದು ಹೋಟೆಲುಗಳಿಂದ. ಕೋಲ್ಕತ್ತಾದಲ್ಲೇ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯಲ್ಲಿ ಚಿಕನ್ ಮಂಚೂರಿಯನ್ ಮಾಡಿದರು ಅಂತ ಹೇಳ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದು ಗೋಬಿ ಮಂಚೂರಿ ಆಯಿತು. ಹೀಗೆ, ಚರ್ಮ ಹದ ಮಾಡಿದ ಕೈಗಳ ಅಡುಗೆ ಇವತ್ತು ಊರೂರಿನ ರಥಬೀದಿಯಲ್ಲಿ ಪ್ಲೇಟಿಗೆ ಇಷ್ಟು ಅಂತ ಮಾರಾಟ ಆಗ್ತಿದೆ. ಯಾರೂ ಗೋಮೂತ್ರ ಚಿಮುಕಿಸಲಿಲ್ಲ. ಯಾಕೆ? ಅದರ ಜಾತಿ ಯಾರಿಗೂ ಗೊತ್ತಿರಲಿಲ್ಲ!

ನೂಡಲ್ಸಿನ ಗುಣ ಅದೇ. ದೋಸೆ, ಕೊಟ್ಟೆ ಕಡುಬು, ಹೋಳಿಗೆಗೆ ಒಂದು ಮನೆ ಇದೆ, ಮಡಿ ಇದೆ, "ಅವರ ಕೈಯ ರುಚಿ" ಅನ್ನೋ ಮಾತು ಇದೆ. 1983ರಲ್ಲಿ ಮ್ಯಾಗಿ ಬಂದಾಗ ಅದಕ್ಕೆ ಅಜ್ಜಿಯೂ ಇಲ್ಲ, ಅಗ್ರಹಾರವೂ ಇಲ್ಲ. ಎರಡು ನಿಮಿಷ ಬಿಸಿನೀರಿದ್ದ ಮನೆಯಲ್ಲೆಲ್ಲ ಒಂದೇ ರುಚಿ. ನಾನು ಕಾಲೇಜಿಗೆ ಹೋಗೋ ಕಾಲಕ್ಕೆ ಪೇಟೆಯಲ್ಲಿ ಗೋಬಿ ಗಾಡಿ ಕಾಣಿಸಿತು. ಗಾಡಿಗೆ ಒಳಗೆ ಅನ್ನೋದೇ ಇಲ್ಲ. ಅಜ್ಜ ಹೊರಗೆ ನಿಂತು ಚಾ ಕುಡಿದದ್ದು ಅವಮಾನ. ಗೋಬಿ ಗಾಡಿಯ ಮುಂದೆ ಎಲ್ಲರೂ ಹೊರಗಿನವರೇ. ಭಟ್ಟರ ಮಗನೂ, ನಾಯ್ಕರ ಮಗನೂ, ನಾನೂ ಒಂದೇ ಹೊಗೆಯಲ್ಲಿ ಕಣ್ಣೊರೆಸಿಕೊಂಡು ಪ್ಲೇಟು ಹಿಡಿದು ನಿಂತಿದ್ದೆವು.

ಗೋಲಿ ಸೋಡಾ ಇದಕ್ಕಿಂತ ಮೊದಲೇ ಈ ಕೆಲಸ ಮಾಡಿತ್ತು. ಇಂಗ್ಲೆಂಡಿನ ಹೈರಾಮ್ ಕಾಡ್ 1872ರಲ್ಲಿ ಆ ಬಾಟಲಿಗೆ ಪೇಟೆಂಟ್ ಪಡೆದ. ಕುಡಿದು ವಾಪಸು ಕೊಟ್ಟ ಬಾಟಲಿ ತೊಳೆದು, ತುಂಬಿ, ಮತ್ತೆ ಅಂಗಡಿಗೆ ಬರ್ತದೆ. ನಿನ್ನೆ ಯಾರ ಬಾಯಿ ಮುಟ್ಟಿತ್ತೋ ಗೋಲಿಗೇ ಗೊತ್ತು. ಫಾಲೂದಾ ಇರಾನಿನ ಕಡೆಯದು. ಭಟ್ಕಳ, ಹೊನ್ನಾವರದ ಕಡೆ ಮುಸ್ಲಿಮರ ಹೋಟೆಲಲ್ಲಿ ಬೆಂಚಿನ ಮೇಲೆ ಕೂರಬಹುದಿತ್ತು ಅಂತ ನಮ್ಮ ಹಿರಿಯರು ನೆನೆಸಿಕೊಳ್ತಾರೆ. ಗಡಬಡ್ ಮಂಗಳೂರು, ಉಡುಪಿ ಕಡೆಯಿಂದ ಬಂತು. ಉದ್ದ ಗಾಜಿನ ಲೋಟ, ಪದರ ಪದರ ಐಸ್‌ಕ್ರೀಮು, ಜೆಲ್ಲಿ, ಹಣ್ಣು, ಗೋಡಂಬಿ, ಮೇಲೆ ಉದ್ದ ಚಮಚ. ಲೋಟ ಒಂದು, ಚಮಚ ನಾಲ್ಕು ಅಂತ ಹುಡುಗರು ಹಂಚಿಕೊಂಡು ತಿನ್ನೋದನ್ನ ನೋಡಿದಾಗ ನನಗೆ ಗೋಡೆಯ ಮೇಲೆ ಬೋರಲು ಹಾಕಿದ ಅಜ್ಜನ ಲೋಟ ನೆನಪಾಗ್ತದೆ. ಫೋಟೋ ಹಾಕಲಿ ಬಿಡಿ. ನಮ್ಮಬ್ಬೆ ಜೀವಮಾನದಲ್ಲಿ ಒಮ್ಮೆಯೂ ಹೋಟೆಲಲ್ಲಿ ಕೂತು ತಿಂದವಳಲ್ಲ. ಪೇಪರಿನಲ್ಲಿ ಕಟ್ಟಿಸಿಕೊಂಡ ಭಜೆಯೇ ಅವಳ ಹೋಟೆಲ್. ಬೆಟ್ಟದಿಂದ ಮುರುಗಲ ಹಣ್ಣು ಹೊತ್ತು ತಂದು ಮಾರಿದವಳು, ಅದರ ಶರಬತ್ತನ್ನ ಗಾಜಿನ ಗ್ಲಾಸಿನಲ್ಲಿ ಐಸು ಹಾಕಿ ಯಾರೂ ಅವಳ ಮುಂದೆ ಇಡಲಿಲ್ಲ.

ಹಾಗಾದರೆ ಗೆದ್ದೆವಾ? ಅರ್ಧ.

ಗಿರಾಕಿಯಾಗಿ ಒಳಗೆ ಹೋಗೋ ಹಕ್ಕು ಪೇಟೆಯ ಮಟ್ಟಿಗೆ ಬಹುಪಾಲು ಸಿಕ್ಕಿದೆ. ಪೇಪರ್ ಕಪ್ಪು ಬಂದಮೇಲೆ ಎರಡು ಲೋಟದ ಜಗಳವೂ ಕಸದ ಬುಟ್ಟಿಗೆ ಬಿತ್ತು. ಆದರೆ ಸ್ಟೀಲ್ ಲೋಟ ಇದ್ದೂ ಕೆಲವರಿಗೆ ಮಾತ್ರ ಪೇಪರ್ ಕಪ್ಪು ಕೊಡೋ ಅಂಗಡಿಗಳನ್ನ ಹಳ್ಳಿ ಕಡೆ ನಾನೇ ನೋಡಿದ್ದೇನೆ. ಅದನ್ನೂ ಪಕ್ಕಕ್ಕಿಡೋಣ. ಬಾಣಲೆಯ ಹಿಂದೆ ನಿಂತವರು ಯಾರು, ಗಲ್ಲಾದಲ್ಲಿ ಕೂತವರು ಯಾರು ಅಂತ ಕೇಳಿ. ಬಿಸಿಯೂಟ ಮಾಡುವವಳು ದಲಿತೆ ಅಂತ ಮಕ್ಕಳ ಊಟ ಬಿಡಿಸಿದ ಸುದ್ದಿ ಈ ರಾಜ್ಯದಲ್ಲಿ ಮತ್ತೆ ಮತ್ತೆ ಬರ್ತದೆ. ನಮ್ಮ ದುಡ್ಡು ಮುಟ್ಟೋಕೆ ಒಪ್ಪಿದ ಸಮಾಜ ನಮ್ಮ ಕೈಯ ಅಡುಗೆ ಮುಟ್ಟೋಕೆ ಇನ್ನೂ ಒಪ್ಪಿಲ್ಲ.

ಇದನ್ನ ನೂರು ವರ್ಷದ ಹಿಂದೆ ಅರ್ಥ ಮಾಡಿಕೊಂಡವರು ಕೊಲ್ಹಾಪುರದ ಶಾಹು ಮಹಾರಾಜರು. 1920ರ ಮಾಣಗಾಂವ್ ಪರಿಷತ್ತಿನಲ್ಲಿ ಅಂಬೇಡ್ಕರರನ್ನು ನಿಮ್ಮ ನಾಯಕ ಅಂತ ಜನರಿಗೆ ತೋರಿಸಿಕೊಟ್ಟವರು. ಅರಮನೆಯ ಕೆಲಸದಲ್ಲಿದ್ದ ಗಂಗಾರಾಮ ಕಾಂಬಳೆ ನೀರು ಮುಟ್ಟಿದ ಅಂತ ಮೇಲ್ಜಾತಿಯ ಕೆಲಸದವರು ಹೊಡೆದರು. ಮಹಾರಾಜರು ಹೊಡೆದವರಿಗೆ ಶಿಕ್ಷೆ ಕೊಟ್ಟರು, ಗಂಗಾರಾಮನಿಗೆ ಊರ ನಡುವೆ ಚಾ ಹೋಟೆಲ್ ಹಾಕಲು ಬೆನ್ನಿಗೆ ನಿಂತರು. ಜನ ಬರಲಿಲ್ಲ. ಆಗ ತಾವೇ ಗಾಡಿ ನಿಲ್ಲಿಸಿ ಅಲ್ಲಿ ಚಾ ಕುಡಿದರು, ಜೊತೆಗಿದ್ದ ಮೇಲ್ಜಾತಿಯವರಿಗೂ ಕುಡಿಸಿದರು. ದಲಿತನನ್ನ ಹೋಟೆಲಿನ ಒಳಗೆ ಬಿಡೋದಕ್ಕಿಂತ ದಲಿತನ ಹೋಟೆಲಿಗೆ ಉಳಿದವರು ಬರೋದು ದೊಡ್ಡ ಪರೀಕ್ಷೆ ಅಂತ ಅವರಿಗೆ ಗೊತ್ತಿತ್ತು.

ನಮ್ಮ ಕಡೆಯ ಒಬ್ಬ ಹುಡುಗ ಈಗ ಗೋಬಿ, ನೂಡಲ್ಸಿನ ಗಾಡಿ ಹಾಕಿದ್ದಾನೆ. ಒಳ್ಳೆ ಕೈ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ಮಾಡಿದ್ದು ಸರಿಯೇ. ಅವನು ಹಾಕೋದಿಲ್ಲ, ಎಣ್ಣೆಯೂ ಚೊಕ್ಕ. ಗಾಡಿಯ ಮೇಲೆ ಒಂದು ದೇವರ ಹೆಸರು ಬರೆಸಿದ್ದಾನೆ. ಬಾಬಾಸಾಹೇಬರ ಫೋಟೋ ದುಡ್ಡಿನ ಡಬ್ಬಿಯ ಮುಚ್ಚಳದ ಒಳಗಡೆ ಅಂಟಿಸಿಕೊಂಡಿದ್ದಾನೆ. ಮುಚ್ಚಳ ತೆಗೆದಾಗ ಅವನಿಗೆ ಮಾತ್ರ ಕಾಣ್ತದೆ. "ಅಣ್ಣ, ಹೊರಗೆ ಹಾಕಿದ್ರೆ ಅರ್ಧ ಗಿರಾಕಿ ಪಕ್ಕದ ಗಾಡಿಗೆ ಹೋಗ್ತದೆ" ಅಂದ. ಬಹಿಷ್ಕಾರ ಹಾಕಿದವರ ಮೇಲೆ ಕೇಸು ಹಾಕಬಹುದು. ಸುಮ್ಮನೆ ಪಕ್ಕದ ಗಾಡಿಗೆ ನಡೆದವನ ಮೇಲೆ ಯಾವ ಸೆಕ್ಷನ್ ಹಾಕ್ತೀರಿ?

2024ರ ಜುಲೈಯಲ್ಲಿ ಉತ್ತರ ಪ್ರದೇಶದ ಪೊಲೀಸರು ಕಾಂವಡ ಯಾತ್ರೆಯ ದಾರಿಯ ಹೋಟೆಲಿನವರೆಲ್ಲ ಮಾಲೀಕರ ಹೆಸರು ಬರೆಸಬೇಕು ಅಂದದ್ದು ನೆನಪಿರಬಹುದು. ಜುಲೈ 22ರಂದು ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಯಾವ ಅಡುಗೆ ಅಂತ ಹೇಳಿದರೆ ಸಾಕು, ಹೆಸರು ಹೇಳಿ ಅಂತ ಒತ್ತಾಯಿಸುವಂತಿಲ್ಲ ಅಂತ. ಆಗ ಹೆಚ್ಚಾಗಿ ಮುಸ್ಲಿಮರ ಬಗ್ಗೆ ಚರ್ಚೆಯಾಯಿತು. ಆದರೆ ಹೆಸರು ಕೇಳಿದ ಕೂಡಲೇ ಬಯಲಾಗೋದು ಧರ್ಮ ಒಂದೇ ಅಲ್ಲ. ನಮ್ಮ ಹುಡುಗನ ಡಬ್ಬಿಯ ಮುಚ್ಚಳ ಯಾಕೆ ಮುಚ್ಚಿದೆ ಅಂತ ಈಗ ತಿಳೀತಲ್ಲ.

ಆ ಗಾಡಿ ಎಲ್ಲಿದೆ ಅಂತ ಇನ್‌ಬಾಕ್ಸಿನಲ್ಲಿ ಕೇಳಬೇಡಿ, ಹೇಳೋದಿಲ್ಲ. ನಾವೆಲ್ಲ ನೀಲಿ ಶಾಲು ಹಾಕಿಕೊಂಡು ಅಲ್ಲಿಗೆ ನುಗ್ಗಿದರೆ ಒಂದು ದಿನದ ವ್ಯಾಪಾರ ಆಗಿ ಒಂದು ವರ್ಷದ್ದು ಹೋಗಬಹುದು. ಶಾಹು ಮಹಾರಾಜರ ಹಿಂದೆ ಸಿಂಹಾಸನ ಇತ್ತು, ನಮ್ಮ ಹಿಂದೆ ಇಲ್ಲ. ನಾವು ಮಾಡಬಹುದಾದ್ದು ಇಷ್ಟು. ಸಂಘಟನೆಯ ಕಾರ್ಯಕ್ರಮಕ್ಕೆ ಊಟ, ಚಾ, ಶರಬತ್ತಿನ ಆರ್ಡರು ಕೊಡುವಾಗ ನಮ್ಮವರ ಕೈಗೆ ಕೊಡಿ. ಸಾಲ ಬೇಕಾದ ಹುಡುಗ ಹುಡುಗಿಯರಿಗೆ ನಿಗಮದ ಅರ್ಜಿ ತುಂಬಿಕೊಡಿ. ಈ ಕೆಲಸ ನನಗೆ ಬಿಡಿ, ಆಫೀಸಿನಲ್ಲಿ ದಿನಾ ಮಾಡೋದು ಅದೇ. ಮುಂದಿನ ಏಪ್ರಿಲ್ 14ಕ್ಕೆ ಮೆರವಣಿಗೆ ಮುಗಿದ ಮೇಲೆ ಬೇರೆ ಜಾತಿಯ ಗೆಳೆಯರನ್ನ, ಆಫೀಸಿನ ಸಹೋದ್ಯೋಗಿಗಳನ್ನ ಕರೆದುಕೊಂಡು ಬನ್ನಿ. ನಮ್ಮ ಹೆಂಗಸರು ಮಾಡಿದ ನೂಡಲ್ಸು, ಮುರುಗಲ ಶರಬತ್ತು ಇರ್ತದೆ. ಯಾರು ಮಾಡಿದ್ದು ಅಂತ ಮೊದಲೇ ಹೇಳಿಯೇ ಕರೆತನ್ನಿ. ಬಂದವರೆಷ್ಟು, ನೆಪ ಹೇಳಿ ತಪ್ಪಿಸಿಕೊಂಡವರೆಷ್ಟು ಲೆಕ್ಕ ಇಡೋಣ.

ಹಿರಿಯರಿಗೂ ಒಂದು ಮಾತು. ಮಕ್ಕಳನ್ನ ಬೈಬೇಡಿ ಅಣ್ಣಾ. ತಿನ್ನಲಿ, ಫೋಟೋ ಹಾಕಲಿ. ತಿಂದು ಮುಗಿಸಿದ ಮೇಲೆ "ಇಂಥದ್ದೊಂದು ಅಂಗಡಿ ನೀನು ಹಾಕಿದ್ರೆ ಹೆಸರೇನು ಇಡ್ತೀ?" ಅಂತ ಮಾತ್ರ ಕೇಳಿ.

ಜೈ ಭೀಮ್.