ಗಾಲ್ಫ್ ಬೂಟಿನ ಮೊಳೆ

ಗಾಲ್ಫ್ ಕೋಲು ಬೀಸುವಾಗ ಆಟಗಾರನ ಮೈ ಗಿರ್ರನೆ ತಿರುಗುತ್ತದೆ. ಪಾದ ಮಾತ್ರ ಜಾರಬಾರದು. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ನುಣುಪು ಅಟ್ಟೆಯ ಬೂಟು ತೊಟ್ಟವನಿಗೆ ಇದು ಕಷ್ಟ. ಸ್ಕಾಟ್ಲೆಂಡಿನವರು ಕಂಡುಕೊಂಡ ಉಪಾಯ ಸರಳವಾಗಿತ್ತು: ಅಟ್ಟೆಗೆ ಮೊಳೆ ಹೊಡೆಸುವುದು. 1857ರಲ್ಲಿ ಅಲ್ಲಿ ಪ್ರಕಟವಾದ 'ದಿ ಗಾಲ್ಫರ್ಸ್ ಮ್ಯಾನ್ಯುಯಲ್' ಎಂಬ ಕೈಪಿಡಿಯೂ ಗಟ್ಟಿ ಬೂಟಿಗೆ ಸಣ್ಣ ಮೊಳೆ ಹೊಡೆಸಿಕೊಳ್ಳಬೇಕೆಂದು ಹೇಳುತ್ತದೆ.

ಹೊಡೆದ ಮೊಳೆ ಸವೆದರೆ ಕಿತ್ತು ಬೇರೆಯದನ್ನು ಹೊಡೆಯಬೇಕು. ಪ್ರತಿ ಸಲ ಕಿತ್ತಾಗಲೂ ಚರ್ಮದ ತೂತು ಸಡಿಲವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಂದ ತಿರುಪಿನ ಸ್ಪೈಕ್ ಈ ಫಜೀತಿಯನ್ನು ತಪ್ಪಿಸಿತು. ಥ್ರೆಡ್ ಇರುವ ಕುಳಿ ಅಟ್ಟೆಯಲ್ಲೇ ಕೂತಿರುತ್ತದೆ; ಸ್ಪೈಕನ್ನು ಅದರೊಳಗೆ ತಿರುಗಿಸಿದರಾಯಿತು. ಸ್ಪೈಕಿನ ಮುಖದಲ್ಲಿ ಎರಡು ಸಣ್ಣ ತೂತು, ಅವಕ್ಕೆ ಹೊಂದುವ ಎರಡು ಹಲ್ಲಿನ ಸ್ಪ್ಯಾನರ್. ಚಮ್ಮಾರನ ಕೆಲಸ ಆಟಗಾರನ ಕೈಗೇ ಬಂತು.

ಕಾಲಿಗೆ ಹಿಡಿತ ಕೊಟ್ಟ ಉಕ್ಕಿನ ಸ್ಪೈಕ್ ಹುಲ್ಲಿಗೆ ಶತ್ರುವಾಯಿತು. ಚೆಂಡನ್ನು ಮೆಲ್ಲನೆ ಉರುಳಿಸಿ ಕುಳಿಗೆ ಬೀಳಿಸುವ ಜಾಗಕ್ಕೆ 'ಗ್ರೀನ್' ಎನ್ನುತ್ತಾರೆ. ಅಲ್ಲಿನ ಹುಲ್ಲು ಕೆಲವೇ ಮಿಲಿಮೀಟರ್ ಎತ್ತರ. ಬೂಟು ಎಳೆದುಕೊಂಡು ನಡೆದವನ ಹಿಂದೆ ಹುಲ್ಲಿನ ಚೂರುಗಳು ಎದ್ದು ನಿಲ್ಲುತ್ತಿದ್ದವು, ಹಿಂದೆ ಬಂದವನ ಚೆಂಡು ಅವಕ್ಕೆ ತಗುಲಿ ದಾರಿ ತಪ್ಪುತ್ತಿತ್ತು. ಚೆಂಡಿನ ದಾರಿಯಲ್ಲಿರುವ ಈ ಗಾಯವನ್ನು ಹೊಡೆತಕ್ಕೆ ಮೊದಲು ಸರಿಪಡಿಸುವಂತಿಲ್ಲ ಎಂಬುದು ನಿಯಮ! ಅದು ಸಡಿಲವಾದದ್ದು 2019ರಲ್ಲಿ.

ಪರಿಹಾರ ಹೊಳೆದದ್ದು 1990ರ ದಶಕದ ಆರಂಭದಲ್ಲಿ, ಅಮೆರಿಕದ ಐಡಾಹೊ ರಾಜ್ಯದಲ್ಲಿ. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲಿಸಿದ ಹುಲ್ಲಿಗೆ ಆದ ಗಾಯ ಬೇಗ ಮಾಯದು. ಹಾಗಾಗಿ ಫಾರಿಸ್ ಮೆಕ್‌ಮುಲ್ಲಿನ್ ಮತ್ತು ಎರ್ನಿ ಡೀಕನ್ ಪ್ಲಾಸ್ಟಿಕ್ ಸ್ಪೈಕ್ ಮಾಡಿದರು. ಅವರ ಜಾಣತನವಿದ್ದದ್ದು ತಿರುಪಿನಲ್ಲಿ. ಹಳೆಯ ಬೂಟಿನ ಅದೇ ಕುಳಿಗೆ ಹೊಸ ಸ್ಪೈಕ್ ಕೂರುತ್ತಿತ್ತು, ಹೊಸ ಬೂಟು ಕೊಳ್ಳುವ ಖರ್ಚಿರಲಿಲ್ಲ. ಕ್ಲಬ್ಬುಗಳು ಉಕ್ಕಿನ ಸ್ಪೈಕನ್ನು ನಿಷೇಧಿಸುವುದು ಆಗ ಸುಲಭವಾಯಿತು. ಆ ದಶಕ ಮುಗಿಯುವಷ್ಟರಲ್ಲಿ ಅನೇಕ ಕಡೆ ಅದು ಮೈದಾನದಿಂದ ಹೊರಬಿದ್ದಿತ್ತು.

ಪ್ಲಾಸ್ಟಿಕ್ ಬೇಗ ಸವೆಯುತ್ತದೆ, ಆದ್ದರಿಂದ ಬದಲಾಯಿಸುವ ಕೆಲಸ ಹೆಚ್ಚಿತು. ಕಂಪನಿಗಳು ತಮ್ಮದೇ ಬೀಗದಂಥ ಥ್ರೆಡ್‌ಗಳನ್ನು ತಂದವು. ಕೆಲವು ಹಲವು ಸುತ್ತು ತಿರುಗಿದರೆ ಕೆಲವು ಅರ್ಧ ಸುತ್ತಿಗೂ ಮೊದಲೇ ಕಚ್ಚಿಕೊಳ್ಳುತ್ತವೆ. ಒಂದರ ಸ್ಪೈಕ್ ಇನ್ನೊಂದರ ಕುಳಿಗೆ ಹೊಂದದು. ಹಳೆಯದೊಂದನ್ನು ಬಿಚ್ಚಿ ಅಂಗಡಿಗೆ ಒಯ್ಯುವುದೇ ಕ್ಷೇಮ.

ಬಿಚ್ಚುವಾಗ ಅಡ್ಡಿ ಮಾಡುವುದು ಮಣ್ಣು. ತೂತುಗಳಲ್ಲಿ ಗಟ್ಟಿಯಾದ ಮಣ್ಣನ್ನು ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಸ್ಪ್ಯಾನರನ್ನು ಬಲವಾಗಿ ಒತ್ತಿ ಎಡಕ್ಕೆ ತಿರುಗಿಸಬೇಕು. ತೂತೇ ಸವೆದಿದ್ದರೆ ಚೂಪು ಮೂತಿಯ ಇಕ್ಕಳವೇ ಗತಿ. ಹೊಸದನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ನೋಡುವುದು ಒಳ್ಳೆಯದು. ಓರೆಯಾಗಿ ಕೂತದ್ದನ್ನು ಬಲವಂತದಿಂದ ಬಿಗಿದರೆ ಬೂಟಿನ ಥ್ರೆಡ್ಡೇ ಹಾಳಾಗುತ್ತದೆ.

2010ರ ಮಾಸ್ಟರ್ಸ್ ಪಂದ್ಯಾವಳಿಯಲ್ಲಿ ಫ್ರೆಡ್ ಕಪಲ್ಸ್ ತಿರುಪಿನ ಸ್ಪೈಕೇ ಇಲ್ಲದ ಬೂಟು ತೊಟ್ಟು ಆಡಿದರು. ರಬ್ಬರ್ ಅಟ್ಟೆಯಲ್ಲೇ ಗುಬುಟುಗಳನ್ನು ಎರಕ ಹೊಯ್ದ ಅಂಥ ಬೂಟುಗಳು ಆಮೇಲೆ ಬಹಳ ಜನಪ್ರಿಯವಾದವು. ಅವಕ್ಕೆ ಸ್ಪ್ಯಾನರ್ ಬೇಕಿಲ್ಲ. ಗುಬುಟು ಸವೆದಾಗ ಬೂಟನ್ನೇ ಬದಲಾಯಿಸಬೇಕು.